ಬಲಗೆನ್ನೆಯ ದುರಸ್ತಿ ಕುರಿತು ಬಿಳಿ ರಕ್ತಕಣಗಳಿಗೆ

ಹಗಲಿರುಳೆನ್ನದೆ ನನ್ನ ಮೈ ಕಾಯುತ್ತಿರುವ ಮಾನ್ಯ ಬಿಳಿ ರಕ್ತಕಣಗಳೇ,

ನಗರದ ರೈಲಿನಲ್ಲಿ ಟಿಕೆಟ್ ತಪಾಸಣೆ ಮಾಡುವ, ಸಹೋದ್ಯೋಗಿಗಳ ಬಾಯಲ್ಲಿ ‘ಗಂಟುಮೋರೆ’ ಎಂದೇ ಹೆಸರಾದ ನಾನು ತಮಗೆ ತಲೆಬಾಗಿ ನಮಸ್ಕರಿಸಿ, ತಮ್ಮ ವಿಳಾಸದವರೆಗೆ ಬರಲು ಅಂಚೆಯವರು ಒಪ್ಪದ ಕಾರಣ, ಈ ದೂರನ್ನು ಬಹಿರಂಗವಾಗಿಯೇ ಸಲ್ಲಿಸುತ್ತಿದ್ದೇನೆ.

ಹೋದ ಚಳಿಗಾಲದ ಒಂದು ಬೆಳಿಗ್ಗೆ ಬಾಯಿ ಮುಕ್ಕಳಿಸಿದರೆ ನೀರು ಬಲತುದಿಯಿಂದ ಅಂಗಿಗೆ ಇಳಿಯಿತು. ಕನ್ನಡಿಯಲ್ಲಿ ನೋಡಿದರೆ ಮುಖದ ಬಲಭಾಗ ಹೇಳದೆ ಕೇಳದೆ ರಜೆ ಹಾಕಿತ್ತು. ಮಿದುಳಿಗೇ ಹೊಡೆತ ಬಿತ್ತೆಂದು ಹೆದರಿದ ನನ್ನ ಹೆಂಡತಿ, ಒಂದು ಕಾಲಿಗೆ ತನ್ನ ಚಪ್ಪಲಿ, ಇನ್ನೊಂದಕ್ಕೆ ನನ್ನದನ್ನು ಮೆಟ್ಟಿ ನನ್ನನ್ನು ಆಸ್ಪತ್ರೆಗೆ ಎಳೆದೊಯ್ದಳು. “ಅಳಬೇಡಿಮ್ಮ, ಮಿದುಳಿಗೇನೂ ಆಗಿಲ್ಲ. ಮುಖದ ನರಕ್ಕೆ ವೈರಸ್ ತಗುಲಿರೋ ಹಾಗಿದೆ. ಅದನ್ನ ಓಡಿಸೋಕೆ ಬಂದ ಬಿಳಿ ರಕ್ತಕಣಗಳ ಗಲಾಟೇಲಿ ನರ ಊದಿಕೊಂಡು ಮೂಳೆ ಸಂದೀಲಿ ಸಿಕ್ಕಿಹಾಕಿಕೊಂಡಿದೆ,” ಎಂದರು ಡಾಕ್ಟರಮ್ಮ. ಒಬ್ಬ ಕಳ್ಳನನ್ನು ಹಿಡಿಯಲು ಇಡೀ ಠಾಣೆಯೇ ಕಿವಿಯ ಹಿಂದಿನ ಇಕ್ಕಟ್ಟಾದ ಓಣಿಗೆ ನುಗ್ಗಿದ ತಮ್ಮ ಕರ್ತವ್ಯನಿಷ್ಠೆಯನ್ನು ಎಷ್ಟು ಕೊಂಡಾಡಿದರೂ ಸಾಲದು; ಆ ಉತ್ಸಾಹ ತಗ್ಗಿಸಲು ನಾನು ಮಾತ್ರೆ ನುಂಗಬೇಕಾಯಿತು, ಅಷ್ಟೆ.

ಬಲಗಣ್ಣು ಮುಚ್ಚದು, ಎಡಗಣ್ಣೊಂದೇ ಮಿಟುಕುವುದು. ಹೀಗಾಗಿ ಕೆಲಸಕ್ಕೆ ಮರಳಿದ ನಾನು ರೆಪ್ಪೆ ಬಡಿದಾಗಲೆಲ್ಲ ಪ್ರಯಾಣಿಕರಿಗೆ ಕಣ್ಣು ಹೊಡೆದಂತಾಗುತ್ತಿತ್ತು. ಟಿಕೆಟ್ಟಿಲ್ಲದೆ ಸಿಕ್ಕಿಬಿದ್ದವನೊಬ್ಬ ತಾನೂ ಕಣ್ಣು ಹೊಡೆದು, “ನಿಮ್ಮಂಥೋರು ಇರಬೇಕು ಅಣ್ಣಾ!” ಎಂದು ಕೈ ಕುಲುಕಿ ಇಳಿದುಹೋದ. ಟಿಕೆಟ್ ಇದ್ದ ಮುಖ್ಯೋಪಾಧ್ಯಾಯಿನಿಯೊಬ್ಬರು ನೇರ ಮೇಲಧಿಕಾರಿಗೆ ದೂರಿತ್ತರು. ಇದು ಕಾಯಿಲೆ ಸ್ವಾಮೀ ಎಂದು ನಾನು ಆ ಅಧಿಕಾರಿಯನ್ನು ಬೇಡಿಕೊಂಡೆ; ಪ್ರತಿ ವಾಕ್ಯದ ಕೊನೆಗೂ ಎಡಗಣ್ಣು ತನ್ನ ಕೆಲಸ ಮಾಡಿತು. “ಮೊದಲು ಕಣ್ಣು ಹೊಡೆಯೋದು ನಿಲ್ಸಿ!” ಎಂದು ಗುಡುಗಿದ ಅವರು ನನ್ನನ್ನು ಪ್ರಯಾಣಿಕರು ಮರೆತುಹೋದ ಛತ್ರಿಗಳ ಕೋಣೆ ಕಾಯಲು ಅಟ್ಟಿದರು.

ಆದರೂ ಸತ್ಯ ಹೇಳಬೇಕು. ಸತ್ತ ನರದ ಚೂರುಗಳನ್ನೆಲ್ಲ ತಿಂದು ತೇಗಿ, ಹೊಸ ಎಳೆ ಬೆಳೆಯಲು ದಾರಿ ಮಾಡಿಕೊಟ್ಟವರೂ ತಾವೇ ಎಂದು ಡಾಕ್ಟರಮ್ಮ ತಿಳಿಸಿದರು. ಅಲ್ಲಿಯವರೆಗೆ ನನ್ನ ಕಣ್ಣಿಗೆ ಹನಿ ಹಾಕಿ ಪಟ್ಟಿ ಅಂಟಿಸುತ್ತಿದ್ದ ಹೆಂಡತಿ ದಿನವೂ, “ಇವತ್ತು ಕೆನ್ನೆ ಸ್ವಲ್ಪ ಅಲ್ಲಾಡ್ತು ಕಣ್ರೀ,” ಎಂದು ಸುಳ್ಳು ಹೇಳುತ್ತಿದ್ದಳು. ಒಂದು ದಿನ ಏನೂ ಹೇಳದೆ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಅಂದು ನಿಜವಾಗಿಯೂ ಅಲ್ಲಾಡಿತ್ತು.

ಆದ್ದರಿಂದ ನನ್ನ ಬೇಡಿಕೆಗಳು ಅಲ್ಪ. ಮುಂದೆ ದಾಳಿ ನಡೆಸುವಾಗ ದಯವಿಟ್ಟು ಸಾಲಾಗಿ ಬರುವುದು. ಆ ಓಣಿಯನ್ನು ಕೊಂಚ ಅಗಲ ಮಾಡಿಸುವುದು. ಮೇಲಧಿಕಾರಿಗಳ ಮೈಯಲ್ಲಿರುವ ತಮ್ಮ ಬಂಧುಗಳಿಗೆ ಹೇಳಿ, ಅವರ ಮನೆಗೆ ಬೀಗರು ಬರುವ ದಿನ ಅವರದೂ ಒಂದು ಕಣ್ಣು ಹೀಗೇ ಮಿಟುಕುವಂತೆ ಮಾಡುವುದು.

ಮುಕ್ಕಾಲು ನಗುವಿನೊಂದಿಗೆ, ತಮ್ಮನ್ನೇ ನಂಬಿ ಉಸಿರಾಡುವ
ತಮ್ಮ ವಿಶ್ವಾಸಿ,
ಟಿಕೆಟ್ ತಪಾಸಕ (ಸದ್ಯ ಛತ್ರಿ ಪಾಲಕ)

ತಾ.ಕ.: ಹೊಸ ಎಳೆಗಳಲ್ಲಿ ಒಂದು ದಾರಿ ತಪ್ಪಿದೆ. ಜೊಲ್ಲಿನ ಗ್ರಂಥಿಗೆ ಹೋಗಬೇಕಾದದ್ದು ಕಣ್ಣೀರಿನ ಗ್ರಂಥಿಗೆ ಸೇರಿಕೊಂಡು, ಊಟಕ್ಕೆ ಕೂತು ತುತ್ತು ಬಾಯಿಗಿಟ್ಟರೆ ಬಲಗಣ್ಣು ಧಾರಾಕಾರ ಸುರಿಯುತ್ತದೆ. “ಇಷ್ಟು ವರ್ಷಕ್ಕೆ ನನ್ನ ಅಡುಗೆ ಬೆಲೆ ಗೊತ್ತಾಯ್ತಲ್ಲ!” ಎಂದು ಹೆಂಡತಿಯೂ ಅತ್ತು ಇನ್ನೊಂದು ಸೌಟು ಬಡಿಸುತ್ತಾಳೆ. ಇದನ್ನು ಸರಿಪಡಿಸಲು ದಯವಿಟ್ಟು ಯಾರನ್ನೂ ಕಳುಹಿಸಬೇಡಿ. ಕಳುಹಿಸುವುದಾದರೆ, ಅವಳಿಗೆ ವಿಷಯ ತಿಳಿಸುವ ಧೈರ್ಯವಿರುವವರನ್ನೇ ಕಳುಹಿಸಿ.