ಹಲ್ಲು ಕಿರಿದ ಊಟ

"ಒಂದು ಮಗುವಿಗೆ ರಾತ್ರಿ ಊಟ ಮಾಡಿಸೋದು ಏನು ಮಹಾ ಯುದ್ಧವೇನೇ? ನೀನು ಧೈರ್ಯವಾಗಿ ಹೋಗಿ ಬಾ," ಎಂದು ಮೇಸ್ತ್ರಿ ಎದೆಯುಬ್ಬಿಸಿದ. ಚಪ್ಪಲಿ ಮೆಟ್ಟುತ್ತಿದ್ದ ಹೆಂಡತಿ ಅರೆಗಳಿಗೆ ನಿಂತು, ಯುದ್ಧಕ್ಕೆ ಹೊರಟವನನ್ನು ನೋಡುವ ಹಾಗೆ ಅವನನ್ನು ನೋಡಿದಳು.

ಮೇಸ್ತ್ರಿ ಎಂದರೆ ಗೋಡೆ ಕಟ್ಟುವವನಲ್ಲ, ಹಲ್ಲು ಕಟ್ಟುವವನು. ದಂತವೈದ್ಯರು ಕಳಿಸುವ ಅಚ್ಚು ನೋಡಿಕೊಂಡು ಹಲ್ಲಿನ ಸೆಟ್ಟು ಮಾಡುವುದು ಅವನ ಕಸುಬು. ಬೀದಿಯಲ್ಲಿ ಅರ್ಧ ಜನ ನಗುವುದೇ ತನ್ನ ಕೃಪೆಯಿಂದ ಎಂದು ಅವನ ನಂಬಿಕೆ. ಹೆಂಡತಿ ಈಜು ಕಲಿಸುವವಳು. ಮಗಳು ಹುಟ್ಟಿದಾಗ ಬಿಟ್ಟ ಕೆಲಸಕ್ಕೆ ಈಗ ಈಜುಕೊಳದವರು ಮತ್ತೆ ಕರೆದಿದ್ದರು, ಸಂಜೆಯ ತರಗತಿಗೆ. ಅಂದು ಮೊದಲ ದಿನ. ತೊಡಕು ಒಂದೇ. ಕಣ್ಣು ಪಿಳಿಪಿಳಿ ಬಿಡುತ್ತಾಳೆಂದು ಮನೆಯವರು ಪಿಳಿ ಎಂದು ಕರೆಯುವ ಈ ಮಗಳು ತರಕಾರಿ ಕಂಡರೆ ತುಟಿಗೆ ಬೀಗ ಹಾಕಿಬಿಡುತ್ತಿದ್ದಳು. ತೂಕ ಸಾಲದು, ಪೊಟ್ಟಣದ ಕುರುಕಲು ನಿಲ್ಲಿಸಿ ಬೇಯಿಸಿದ್ದು ತಿನ್ನಿಸಿ ಎಂದು ಡಾಕ್ಟರು ಗದರಿಸಿ ಕಳಿಸಿದ್ದರು.

"ಅವಳು ಹಸಿದುಕೊಂಡು ಮಲಗಿದ್ರೆ ನಾಳೆನೇ ಫೋನ್ ಮಾಡಿ ಬರಲ್ಲ ಅಂದುಬಿಡ್ತೀನಿ," ಎಂದಳು ಹೆಂಡತಿ. ಹಳೆಯ ಈಜುಟೋಪಿಯನ್ನು ಅವಳು ಎರಡೆರಡು ಸಲ ತೊಳೆದು ಒಣಗಿಸಿದ್ದನ್ನು ಮೇಸ್ತ್ರಿ ನೋಡಿದ್ದ. ಬಾಗಿಲು ಮುಚ್ಚಿಕೊಂಡ ಮೇಲೆ ಉಬ್ಬಿದ ಎದೆ ತಾನಾಗಿ ಇಳಿಯಿತು.

ಆದರೆ ಕೈಯಲ್ಲಿ ಕಸುಬಿರುವವನು ಅಷ್ಟಕ್ಕೆಲ್ಲ ಸೋಲುತ್ತಾನೆಯೇ? ಮಕ್ಕಳ ತಟ್ಟೆಯಲ್ಲಿ ತರಕಾರಿಯಿಂದ ನಗುವ ಮುಖ ಮಾಡಿಟ್ಟರೆ ಅವು ಕುಣಿದಾಡಿ ತಿನ್ನುತ್ತವೆ ಎಂದು ಯಾರೋ ಹೇಳಿದ್ದು ನೆನಪಿತ್ತು. ಆಲೂಗಡ್ಡೆ ಬೇಯಿಸಿ ಹಿಸುಕಿ ದುಂಡು ಮುಖ ಮಾಡಿದ. ಪಾಲಕ್ ಸೊಪ್ಪಿನ ಕೂದಲು, ಗಜ್ಜರಿಯ ಮೂಗು. ಬೇಯಿಸಿದ ಮೊಟ್ಟೆಯ ಬಿಲ್ಲೆಗಳ ಮೇಲೆ ಬಟಾಣಿ ಕೂರಿಸಿದ್ದೇ ಕಣ್ಣು. ಇಲ್ಲಿಗೆ ನಿಲ್ಲಿಸಿದ್ದರೆ ಎಲ್ಲ ಸುಸೂತ್ರವಾಗಿರುತ್ತಿತ್ತು. ಬೇರೆ ಯಾವ ಅಪ್ಪನಾದರೂ ಒಂದು ಟೊಮೆಟೊ ಹೋಳನ್ನು ಬಾಯಿ ಎಂದು ಇಟ್ಟು ಕೈ ತೊಳೆದುಕೊಳ್ಳುತ್ತಿದ್ದ. ನಮ್ಮ ಮೇಸ್ತ್ರಿಗೆ ಅದು ಅವಮಾನ. ಹಲ್ಲಿಲ್ಲದ ನಗು ಅವನ ಕೈಯಿಂದ ಹೊರಬೀಳುವುದೇ?

ಮೂಲಂಗಿ ತೆಗೆದುಕೊಂಡು ಕೆತ್ತಲು ಕೂತ. ಬೀಟ್‌ರೂಟಿನ ವಸಡು ಮಾಡಿ, ಮೇಲೂ ಕೆಳಗೂ ಒಂದೊಂದೇ ಹಲ್ಲು ನೆಟ್ಟ. ಸಾಲಾಗಿ ನೇರವಾಗಿದ್ದರೆ ಕಟ್ಟಿಸಿದ ಹಲ್ಲೆಂದು ನೋಡಿದವರಿಗೆ ತಿಳಿದುಬಿಡುತ್ತದೆ, ಅದಕ್ಕೇ ಒಂದನ್ನು ಸ್ವಲ್ಪ ಸೊಟ್ಟ ಮಾಡಬೇಕು, ಒಂದರ ಪಕ್ಕ ಸಂದಿ ಬಿಡಬೇಕು ಎನ್ನುವುದು ಅವನ ಕಸುಬಿನ ಗುಟ್ಟು. ಅದನ್ನೂ ಮಾಡಿದ. ಗಜ್ಜರಿ ಬೆಂದ ನೀರಿನಲ್ಲಿ ಅದ್ದಿ ಅಷ್ಟಿಷ್ಟು ಹಳದಿ ಬಣ್ಣ ತಂದ. ಕೋರೆಹಲ್ಲನ್ನೂ ಮರೆಯಲಿಲ್ಲ, ಮಹಾನುಭಾವ! ಎಲ್ಲ ಮುಗಿದ ಮೇಲೆ ತಟ್ಟೆಯನ್ನು ದೂರ ಹಿಡಿದು ನೋಡಿದರೆ, ಬೆನ್ನಲ್ಲಿ ಒಂದು ಸಣ್ಣ ಚಳಿ ಹಾದುಹೋಯಿತು. ಹಸಿವಿಗೆ ಹೀಗಾಗುತ್ತದೆ ಎಂದು ಸಮಾಧಾನ ಮಾಡಿಕೊಂಡ.

ಪಿಳಿ ಕುರ್ಚಿಯ ಮೇಲೆ ಕೂತಳು. ಮತ್ತೆ ಬಿಸಿ ಮಾಡಿದ ತಟ್ಟೆ ಬಂತು. ಅವಳ ಕಣ್ಣುಗಳು ಪಿಳಿಪಿಳಿ ಎನ್ನುವುದನ್ನೇ ಮರೆತವು.

"ಅಪ್ಪಾ, ಇದು ನನ್ನ ತಿನ್ನುತ್ತಾ?" ಎಂದಳು ಮೆಲ್ಲಗೆ.

ಇಲ್ಲ ಕಂದ, ನೀನೇ ಅದನ್ನು ತಿನ್ನಬೇಕು ಎಂದು ಮೇಸ್ತ್ರಿ ನಕ್ಕ. ನಗುವಾಗ ಅವನ ಹಲ್ಲೂ ಕಂಡವು, ಅದು ಇನ್ನೊಂದು ತಪ್ಪು. ಅಷ್ಟರಲ್ಲಿ ಬಿಸಿ ಆಲೂಗಡ್ಡೆ ಮೆತ್ತಗಾಗಿ ಕುಸಿಯತೊಡಗಿತು. ಅದರ ಜೊತೆಗೆ ಕೆಳದವಡೆ ನಿಧಾನವಾಗಿ, ಬಲು ನಿಧಾನವಾಗಿ ಜಾರಿತು. ಮುಖ ಬಾಯಿ ತೆರೆಯಿತು. ಹಲ್ಲಿನ ಸಂದಿಯಿಂದ ಹಬೆ ಬಂತು.

ಪಿಳಿ ಕಿಟಾರನೆ ಕಿರುಚಿಕೊಂಡು ಕುರ್ಚಿಯಿಂದ ಧುಮುಕಿದಳು. ಆ ಹೊತ್ತಿಗೆ ಅಪ್ಪನಾದವನು ಏನು ಮಾಡಬೇಕು? ಮಗುವಿನ ಹಿಂದೆ ಓಡಬೇಕು. ಮೇಸ್ತ್ರಿ ಬಗ್ಗಿ ದವಡೆ ಸರಿಮಾಡಿದ. ಸಡಿಲವಾದ ಹಲ್ಲು ಕಂಡರೆ ಅವನ ಕೈ ಅವನ ಮಾತು ಕೇಳುವುದಿಲ್ಲ. ಕೆಳಗಿನ ಸಾಲು ಮೇಲಿನ ಸಾಲಿಗೆ ಸರಿಯಾಗಿ ಕೂತ ಮೇಲೆ, "ನೋಡು ಪಿಳಿ, ಈಗ ಸರಿಹೋಯ್ತು" ಎಂದು ತಿರುಗಿದರೆ ಪಿಳಿ ಇಲ್ಲ. ಮಂಚದ ಕೆಳಗಿಲ್ಲ, ಬಚ್ಚಲಲ್ಲಿಲ್ಲ, ಬೀರುವಿನ ಹಿಂದೆ ಇಲ್ಲ. ಮುಂಬಾಗಿಲು ಹಾರುಹೊಡೆದಿತ್ತು.

ಮೂರನೇ ಮಹಡಿಯ ಮನೆ, ಮೆಟ್ಟಿಲಿನ ಕಂಬಿಗಳ ನಡುವೆ ಮಗು ತೂರುವಷ್ಟು ಸಂದಿ, ಕೆಳಗೆ ಗೇಟು, ಗೇಟಿನಾಚೆ ಎದುರಿನ ಉಗ್ರಾಣಕ್ಕೆ ಹಿಂದುಹಿಂದಕ್ಕೆ ಬರುವ ಲಾರಿಗಳು. ಜೀವ ಬಾಯಿಗೆ ಬಂತು. "ಪಿಳೀ" ಎಂದು ಕೂಗುತ್ತ ಹೊರಬಿದ್ದವನು ಪಕ್ಕದ ಮನೆಯ ಬಾಗಿಲು ಬಡಿದ. ದರ್ಜಿಯ ಹೆಂಡತಿ ಬಾಗಿಲು ತೆರೆದಳು, ಅವನ ಕೈ ನೋಡಿದಳು, ಅಯ್ಯಯ್ಯೋ ಎಂದು ಬಾಗಿಲು ಹಾಕಿ ಚಿಲಕ ಜಡಿದಳು. ಎರಡನೇ ಮಹಡಿಯ ಮೇಷ್ಟರು ಬಾಗಿಲು ತೆರೆದು ಎರಡು ಹೆಜ್ಜೆ ಹಿಂದಕ್ಕೆ ಹೋಗಿ ಗೋಡೆಗೆ ಆತುಕೊಂಡರು. ಜನಕ್ಕೆ ಮನುಷ್ಯತ್ವವೇ ಇಲ್ಲವಲ್ಲ ಎಂದು ಮೇಸ್ತ್ರಿ ಬೈದುಕೊಂಡ. ತಟ್ಟೆ ಇನ್ನೂ ತನ್ನ ಕೈಯಲ್ಲೇ ಇದೆ, ಅದು ಎಲ್ಲರಿಗೂ ಹಲ್ಲು ಕಿರಿಯುತ್ತಿದೆ ಎನ್ನುವ ಪರಿವೆ ಅವನಿಗಿರಲಿಲ್ಲ.

ಇಂಥ ಹೊತ್ತಿಗೇ ಫೋನು ಬಡಿದುಕೊಳ್ಳಬೇಕೇ? ಹೆಂಡತಿ. ತರಗತಿ ಮುಗಿಯಿತಂತೆ, ಮನೆಯ ಹತ್ತಿರ ಬಂದುಬಿಟ್ಟಿದ್ದಾಳಂತೆ, ಮಗಳ ಕೈಗೆ ಫೋನು ಕೊಡಬೇಕಂತೆ.

"ಬಾಯ್ತುಂಬ ತುತ್ತಿದೆ ಕಣೇ, ಮಾತಾಡಕ್ಕಾಗಲ್ಲ," ಎಂದ ಮೇಸ್ತ್ರಿ. ಎಷ್ಟೋ ದಿನದ ಮೇಲೆ ಅವಳ ದನಿ ಹಗುರಾಗಿತ್ತು. ಅದನ್ನು ಕೇಳಿ ಅವನಿಗೆ ಮೆಟ್ಟಿಲ ಮೇಲೆ ಕೂತು ಅತ್ತುಬಿಡಬೇಕೆನಿಸಿತು. ಗೇಟಿನ ಕಡೆ ನೋಡಲು ಧೈರ್ಯ ಬಾರದೆ, ನೋಡದೆ ಇರಲೂ ಆಗದೆ, ಕೊನೆಯ ಮೆಟ್ಟಿಲು ಇಳಿದ.

ಆಗ ಕೆಳಮನೆಯ ಅಜ್ಜಿಯ ಬಾಗಿಲ ಸಂದಿಯಿಂದ ಕಿಲಕಿಲ ನಗು ಕೇಳಿತು. ಹೋದ ಜೀವ ಬಂದಂತಾಯಿತು. ಇಣುಕಿದರೆ ಪಿಳಿ ಅಜ್ಜಿಯ ತೊಡೆಯ ಮೇಲೆ ಕೂತಿದ್ದಾಳೆ. ಗಜ್ಜರಿ, ಬಟಾಣಿ, ಆಲೂಗಡ್ಡೆ, ಮೊಟ್ಟೆ, ಎಲ್ಲವನ್ನೂ ಬೇಯಿಸಿ ಗುರುತೇ ಸಿಗದ ಹಾಗೆ ಹಿಸುಕಿದ ಒಂದು ಬಟ್ಟಲು. ಅಜ್ಜಿಗೆ ಒಂದು ಚಮಚ, ಪಿಳಿಗೆ ಒಂದು ಚಮಚ. ಬಟ್ಟಲಿನ ತಳ ಕಾಣುತ್ತಿತ್ತು. ಅಜ್ಜಿಯ ಸೆಟ್ಟು ರಿಪೇರಿಗೆಂದು ಮೇಸ್ತ್ರಿಯ ಹತ್ತಿರವೇ ಇತ್ತು. ಇವತ್ತು, ನಾಳೆ ಎಂದು ಅವನು ಸತಾಯಿಸುತ್ತಿದ್ದುದರಿಂದ ಆಕೆಗೆ ಹಿಸುಕಿದ ಊಟವೇ ಗತಿಯಾಗಿತ್ತು.

"ಅಜ್ಜಿ ಬಾಯಲ್ಲಿ ಹಲ್ಲೇ ಇಲ್ಲಪ್ಪಾ, ಕಚ್ಚಲ್ಲ," ಎಂದು ಪಿಳಿ ಬಾಯಿ ತುಂಬಿಕೊಂಡೇ ಸಾರಿದಳು.

ಮೇಸ್ತ್ರಿ ಹಾಗೇ ಬಾಗಿಲಿಗೆ ಒರಗಿದ. ಹಿಂದಿನಿಂದ ಒದ್ದೆಕೂದಲಿನ ವಾಸನೆ ಬಂತು. ಹೆಂಡತಿ! ಅವಳು ಮಗಳನ್ನು ನೋಡಿದಳು, ಗಂಡನನ್ನು ನೋಡಿದಳು, ಕೊನೆಗೆ ತಟ್ಟೆಯನ್ನು ನೋಡಿ "ಇದೇನ್ರೀ ಇದು?" ಎಂದಳು. ಸುಳ್ಳು ಹೇಳಲು ಮೇಸ್ತ್ರಿಗೆ ಉಸಿರೇ ಉಳಿದಿರಲಿಲ್ಲ. ದವಡೆ ಜಾರಿದ್ದು, ತಾನು ಮಗಳನ್ನು ಬಿಟ್ಟು ದವಡೆ ಸರಿಮಾಡಿದ್ದು, ಬಾಗಿಲು ತೆರೆದಿದ್ದು, ಫೋನಿನಲ್ಲಿ ಬುರುಡೆ ಬಿಟ್ಟಿದ್ದು, ಎಲ್ಲ ಒದರಿಬಿಟ್ಟ. ಕೇಳುತ್ತ ಕೇಳುತ್ತ ಅವಳ ಮುಖ ಬಿಳುಚಿಕೊಂಡಿತು. ಲಾರಿಗಳ ಸದ್ದು ಅವಳಿಗೂ ಕೇಳಿಸುತ್ತಿತ್ತು.

"ಸಾಕು. ನಾಳೆಯಿಂದ ನಾನು ಹೋಗಲ್ಲ," ಎಂದಳು.

ಅಜ್ಜಿ ಬಟ್ಟಲು ಕೆರೆದು ಉಳಿದ ಒಂದು ಚಮಚ ತೆಗೆದಳು. ಪಿಳಿ ಅದನ್ನು ಕಸಿದುಕೊಂಡು ತಾನು ತಿನ್ನದೆ ಅಪ್ಪನ ಮೂತಿಗೆ ಹಿಡಿದಳು. ಅವನು ಬಾಯಿ ತೆರೆಯುತ್ತಿದ್ದಂತೆ ಗಾಬರಿಯಾಗಿ ಕೈ ಹಿಂದಕ್ಕೆಳೆದುಕೊಂಡಳು.

"ಅಪ್ಪಾ, ನೀನೂ ಅಜ್ಜಿ ಥರ ಹಲ್ಲು ತೆಗೆದಿಡು. ಆಮೇಲೆ ದಿನಾ ನಿನ್ನ ಜೊತೆನೇ ಊಟ ಮಾಡ್ತೀನಿ."

ಹೆಂಡತಿ ಖಾಲಿ ಬಟ್ಟಲನ್ನು ನೋಡಿದಳು, ಮಗಳನ್ನು ನೋಡಿದಳು. ಆಮೇಲೆ ಈಜುಟೋಪಿಯಿದ್ದ ಚೀಲವನ್ನು ಮತ್ತೆ ಹೆಗಲಿಗೇರಿಸಿಕೊಂಡಳು.

"ಸರಿ ಹಾಗಾದ್ರೆ, ನಾಳೆನೂ ಹೋಗ್ತೀನಿ," ಎಂದಳು. "ತೆಗೆಯೋಕೆ ಕಷ್ಟ ಆದ್ರೆ ಹೇಳಿ ರೀ. ಹೋಗೋ ಮುಂಚೆ ನಾನೇ ಉದುರಿಸಿಕೊಟ್ಟು ಹೋಗ್ತೀನಿ."

ಬೀದಿಗೆಲ್ಲ ಹಲ್ಲು ಕೊಟ್ಟ ಮೇಸ್ತ್ರಿ ಎರಡೂ ತುಟಿಗಳನ್ನು ಒಳಕ್ಕೆ ಮಡಚಿ, ಬೊಚ್ಚುಬಾಯಿ ಮಾಡಿಕೊಂಡು, ತುತ್ತಿಗಾಗಿ ಮಗಳ ಮುಂದೆ ತೆಪ್ಪಗೆ ಕೂತ.