ಮಾಮಾನ ವಹಿಯಲ್ಲಿ ನನ್ನ ಉಬ್ಬಸ

ನಮ್ಮ ಸೋದರಮಾವ ನನ್ನನ್ನು ಮನುಷ್ಯಳೆಂದು ಒಪ್ಪಿಕೊಂಡದ್ದೇ ಇಲ್ಲ. ಅವನ ಪಾಲಿಗೆ ನಾನೊಂದು ದ್ರಾಕ್ಷಿ ಬಳ್ಳಿ. ಅದೂ ಕಾಯಿ ಕಡಿಮೆ, ಕಾಟ ಹೆಚ್ಚು ಎನ್ನುವ ಜಾತಿಯದು! ತಿಕೋಟಾದ ಕಡೆ ಘೋಣಸಗಿಯಲ್ಲಿ ಅವನ ದ್ರಾಕ್ಷಿ ತೋಟ. ಅಲ್ಲಿಂದ ವಿಜಯಪುರಕ್ಕೆ, ಅಥಣಿ ರಸ್ತೆಯ ನಮ್ಮ ಮನೆಗೆ ಬಂದನೆಂದರೆ ಚಪ್ಪಲಿ ಬಿಡುವ ಮೊದಲೇ ನನ್ನ ಅಂಗೈ ಹಿಡಿದು ಮಗುಚಿ ನೋಡುತ್ತಾನೆ, ಎಲೆಯ ಹಿಂಬದಿ ನೋಡಿದ ಹಾಗೆ. ಆಮೇಲೆ ನನ್ನ ಗಂಡನ ಕಡೆ ತಿರುಗಿ ವರದಿ ಒಪ್ಪಿಸುತ್ತಾನೆ. ನನ್ನನ್ನು ಏನೂ ಕೇಳುವುದಿಲ್ಲ. ಬಳ್ಳಿಯನ್ನು ಯಾರಾದರೂ ಹೇಗಿದ್ದೀ ಎಂದು ಕೇಳುತ್ತಾರೆಯೇ?

ನನ್ನ ಮದುವೆಯಲ್ಲಿ ಅಕ್ಕಿಕಾಳು ಬಿದ್ದ ಕೂಡಲೇ ಅವನು ಮದುಮಗನ ಕಿವಿಯಲ್ಲಿ ಹೇಳಿದ ಮಾತು ಒಂದೇ. ಮೋಡ ಕವಿದ ದಿನ ಇವಳ ಮೇಲೆ ಲಕ್ಷ್ಯ ಇಡಬೇಕು ಎಂದು. ಅವನು ಹೇಳಿದ್ದು ನನ್ನ ಉಬ್ಬಸದ ಬಗ್ಗೆ. ನಮ್ಮ ಮನೆಯವರು ತಿಳಿದುಕೊಂಡದ್ದು ನನ್ನ ಸಿಟ್ಟಿನ ಬಗ್ಗೆ. ಇವತ್ತಿಗೂ ಮೋಡವಾದರೆ ಅವರು ಮೆಲ್ಲಗೆ ಮಾತಾಡುತ್ತಾರೆ, ನಾನೂ ತಿದ್ದಲು ಹೋಗಿಲ್ಲ.

ಉಬ್ಬಸ ನನಗೆ ಚಿಕ್ಕಂದಿನಿಂದ ಇದೆ. ಕಾಲೇಜಿನಲ್ಲಿ ಇತಿಹಾಸ ಕಲಿಸುವ ಕೆಲಸ, ಮೇಲೆ ಸುಣ್ಣದ ಕಡ್ಡಿಯ ಪುಡಿ. ಡಾಕ್ಟರ್ ಮೇಡಂ ಎರಡು ಇನ್‌ಹೇಲರ್ ಪಂಪು ಕೊಟ್ಟಿದ್ದರು. ಒಂದು ಆರಾಮಿದ್ದರೂ ದಿನಾ ಎರಡು ಹೊತ್ತು ಸೇದಬೇಕಾದದ್ದು, ಇನ್ನೊಂದು ದಮ್ಮು ಕಟ್ಟಿದಾಗ. ಆರಾಮಿದ್ದಾಗ ಔಷಧ ತೆಗೆದುಕೊಳ್ಳಲು ನನಗೇನು ಹುಚ್ಚೇ? ಮೊದಲನೆಯದನ್ನು ಕಪಾಟಿನಲ್ಲಿ ಜರಿ ಸೀರೆಗಳ ಪಕ್ಕ ಇಟ್ಟೆ. ಸೀರೆಯೂ ಪಂಪೂ ಹಬ್ಬಕ್ಕೊಮ್ಮೆ ಹೊರಗೆ ಬರುತ್ತಿದ್ದವು. ನನ್ನ ಭಕ್ತಿಯೆಲ್ಲ ಒಂದು ಪುಟ್ಟ ಬಿಳಿ ಗುಳಿಗೆಯ ಮೇಲೆ. ಹಿಂದೊಮ್ಮೆ ತೀರ ಕೆಟ್ಟಾಗ ಐದು ದಿನಕ್ಕೆಂದು ಬರೆದುಕೊಟ್ಟಿದ್ದ ಸ್ಟೀರಾಯ್ಡ್ ಅದು. ರಾತ್ರಿ ನುಂಗಿದರೆ ಬೆಳಿಗ್ಗೆ ಮೂರು ಮಹಡಿ ಹತ್ತಬಹುದಿತ್ತು! ಹಳೆಯ ಚೀಟಿಯನ್ನು ಮಡಿಕೆ ಹರಿಯುವವರೆಗೂ ಔಷಧದ ಅಂಗಡಿಯಲ್ಲಿ ತೋರಿಸಿದೆ. ಆಮೇಲೆ ಚೀಟಿಯೂ ಬೇಡವಾಯಿತು, ನನ್ನ ಮುಖ ನೋಡಿದರೆ ಸಾಕು ಕೊಡುತ್ತಿದ್ದರು. ಐದು ದಿನದ್ದು ವರ್ಷಗಟ್ಟಲೆ ನಡೆಯಿತು. ಡಾಕ್ಟರ್ ಮೇಡಂಗೆ ಇದನ್ನು ಹೇಳಲೇ ಇಲ್ಲ, ಬೈಯುತ್ತಾರೆಂದು.

ಮುಖ ದುಂಡಗಾಯಿತು. ಓಣಿಯವರು ಮೈ ಕೈ ತುಂಬಿಕೊಂಡಿದ್ದೀ ಎಂದು ಹೊಗಳಿದರು. ಮಾಮಾ ಮಾತ್ರ ಬಾಗಿಲಲ್ಲೇ ನಿಂತು ದಿಟ್ಟಿಸಿದ.

"ಇದು ಬೆಳೆದದ್ದಲ್ಲ ಬೇ, ಊದಿದ್ದು. ಕಾಳು ದಪ್ಪ ಆಗಲಿ ಅಂತ ಔಷಧದಾಗ ಅದ್ದಿದ ಗೊನಿ ಹಿಂಗ ಇರತೈತಿ. ಏನ ತಿನ್ನಾಕತ್ತೀ?"

ವಕೀಲರೂ ಇಷ್ಟು ಚೆನ್ನಾಗಿ ಪ್ರಶ್ನೆ ಕೇಳಲಾರರು. ಗುಳಿಗೆಯ ಹಾಳೆಗಳನ್ನೆಲ್ಲ ತಂದು ಮುಂದಿಟ್ಟೆ. ಅವನು ಪರಿಚಯದ ಕಾಂಪೌಂಡರನಿಗೆ ಫೋನು ಮಾಡಿ, ದಿನಾ ತಿಂದರೆ ಎಲುಬು ಟೊಳ್ಳಾಗುತ್ತದೆ, ಸಕ್ಕರೆ ಏರುತ್ತದೆ ಎಂದು ಕೇಳಿಸಿಕೊಂಡ. ಕೇಳಿದವನೇ ಅಷ್ಟನ್ನೂ ಬಚ್ಚಲಿಗೆ ಸುರಿದು ನಾಲ್ಕು ಕೊಡ ನೀರು ಹೊಯ್ದ. ಕೈ ಒರೆಸಿಕೊಂಡು, ಪೀಡೆ ಹೋಯಿತೆಂದು ಚಹಾ ಕೇಳಿದ. ನನಗೂ ಅದು ದೊಡ್ಡ ಪರಾಕ್ರಮವಾಗಿಯೇ ಕಂಡಿತು, ಮತ್ತೆ ಕೊಳ್ಳುವುದಿಲ್ಲವೆಂದು ಅವನ ತಲೆ ಮುಟ್ಟಿ ಆಣೆ ಮಾಡಿದೆ.

ನಾಲ್ಕನೆಯ ದಿನ ಬಬಲೇಶ್ವರದಲ್ಲಿ ನಮ್ಮ ಬಳಗದ ಒಂದು ಕೂಸಿನ ನಾಮಕರಣ. ತೊಟ್ಟಿಲ ಮುಂದೆ ನಿಂತವಳಿಗೆ ಕಾಲು ಹತ್ತಿಯಾದವು. ಎರಡು ಸಲ ವಾಂತಿ, ಆಮೇಲೆ ಉಸಿರು ಒಳಗೂ ಹೋಗದು, ಹೊರಗೂ ಬಾರದು. ದ್ರಾಕ್ಷಿ ಸಾಗಿಸುವ ಪಿಕಪ್ಪಿನಲ್ಲಿ ಮಾಮಾ ನನ್ನನ್ನು ವಿಜಯಪುರಕ್ಕೆ ತಂದ. ದಾರಿಯುದ್ದಕ್ಕೂ ಬಾಯಿ ಬಿಡಲಿಲ್ಲ. ಮಾಮಾ ಬಾಯಿ ಬಿಡದೆ ಕುಳಿತದ್ದನ್ನು ನೋಡಿ ನನಗೆ ಸಾವಿನ ಹೆದರಿಕೆ ಆದದ್ದು ನಿಜ.

ಆಮ್ಲಜನಕ, ಸೂಜಿ ಎಲ್ಲ ಆಗಿ ಮರುದಿನ ಎದ್ದು ಕುಳಿತೆ. ಡಾಕ್ಟರ್ ಮೇಡಂ ಇಬ್ಬರನ್ನೂ ಎದುರಿಗೆ ಇಟ್ಟುಕೊಂಡರು. ಹೇಳದೆ ನುಂಗಿದ್ದಕ್ಕೆ ನನಗೆ ಮೊದಲು ಬಿತ್ತು. ಆಮೇಲೆ ಮಾಮಾನ ಸರದಿ.

"ವರ್ಷಗಟ್ಟಲೆ ತಗೊಂಡಾರ್ರಿ. ಒಮ್ಮೆಲೆ ಬಿಡಿಸಿದ್ರ ಜೀವಕ್ಕ ಅಪಾಯ. ಆ ಗುಳಿಗ್ಯಾಗಿನ ರಸಾನ ಮೈ ತಾನು ತಯಾರು ಮಾಡೋದನ್ನ ಮರತಿರತೈತಿ. ಸಾವಕಾಶ ಇಳಸಬೇಕು, ಅದೂ ನಾ ಹೇಳಿದಂಗ."

ಮಾಮಾ ಒಪ್ಪಿಕೊಂಡ. "ತಿಳೀತ್ರಿ. ಡ್ರಿಪ್ಪಿನ ನೀರಿಗಿ ಬೆಳೆದ ಬಳ್ಳಿ. ಬೇರು ಕೆಳಗ ಇಳದಿಲ್ಲ. ನಾ ಒಮ್ಮೆಲೆ ನೀರು ಬಂದ್ ಮಾಡಿದೆ."

ಅದನ್ನು ಕೇಳಿ ಮೇಡಂ ಕುರ್ಚಿಯನ್ನು ಅವನ ಕಡೆ ತಿರುಗಿಸಿದರು. ಆಮೇಲೆ ಪಾಠವೆಲ್ಲ ಅವನಿಗೇ ಹೇಳತೊಡಗಿದರು. ರೋಗಿ ನಾನು, ಮಂಚದ ಮೇಲೆ ಸುಮ್ಮನೆ ಮೋಸಂಬಿ ತಿನ್ನುತ್ತಿದ್ದೆ! ದಿನಾ ಸೇದುವ ಪಂಪಿನ ಸಂಗತಿ ಬಂದಾಗ ಅವನಿಗೆ ವಿವರಿಸುವ ಅಗತ್ಯವೇ ಬೀಳಲಿಲ್ಲ. ಎಲೆಯ ಮೇಲೆ ಬೂದಿ ರೋಗ ಕಂಡ ಮೇಲೆ ಔಷಧ ಹೊಡೆಯುವವನು ತೋಟ ಮಾಡಬಾರದು, ಕಾಣುವ ಮೊದಲೇ ಹೊಡೆಯಬೇಕು, ಇದರಲ್ಲಿ ತಿಳಿಸಿ ಹೇಳುವುದೇನಿದೆ ಎಂದು ಅವನೇ ಮೇಡಂಗೆ ಕೇಳಿದ. ಅವರು ನನಗೆ ಎಷ್ಟೋ ವರ್ಷ ಹೇಳಿ ಸೋತದ್ದು ಇದನ್ನೇ. ನಾನು ಸೇದುವುದನ್ನು ನೋಡಿ ಅವನು ತಲೆ ಅಲ್ಲಾಡಿಸಿದ. ಔಷಧವೆಲ್ಲ ನಾಲಿಗೆಯ ಮೇಲೆ ಬೀಳುತ್ತಿದೆ, ಒಳಗೆ ಇಳಿಯುತ್ತಿಲ್ಲ ಎಂದ. ಮೇಡಂ ಹೌದೆಂದರು, ಪಂಪಿಗೆ ಸಿಕ್ಕಿಸುವ ದಪ್ಪ ಪ್ಲಾಸ್ಟಿಕ್ ಕೊಳವೆಯೊಂದನ್ನು ಬರೆದುಕೊಟ್ಟರು, ಸೇದಿದ ಮೇಲೆ ಬಾಯಿ ಮುಕ್ಕಳಿಸಲು ಹೇಳಿದರು.

ಅಂದಿನಿಂದ ಶುರುವಾಯಿತು ನೋಡಿ ನನ್ನ ವನವಾಸ! ತೋಟಕ್ಕೆ ಯಾವ ದಿನ ಯಾವ ಔಷಧ ಎಂದು ಬರೆದಿಡುವ ವಹಿ ಅವನ ಬಳಿ ಇದೆ. ಅದರಲ್ಲಿ ನನಗೂ ಒಂದು ಹಾಳೆ ಬಿತ್ತು. ಬೆಳಿಗ್ಗೆ ಆರಕ್ಕೆ ವಿಡಿಯೋ ಕಾಲ್. ಹಿಂದೆ ಬಳ್ಳಿಗಳು, ಮುಂದೆ ಅವನ ಮೂಗು. ನಾನು ಪಂಪು ಒತ್ತಿ, ಸೇದಿ, ಉಸಿರು ಹಿಡಿದು, ಮುಕ್ಕಳಿಸಿ ತೋರಿಸಿದ ಮೇಲೆಯೇ ವಹಿಯಲ್ಲಿ ಗುರುತು. ಸಂಜೆ ಮತ್ತೆ. ಒಮ್ಮೆ ಕಾಲೇಜಿನ ಸ್ಟಾಫ್ ರೂಮಿನಲ್ಲಿ ಕರೆ ಬಂತು. ಔಷಧ ಹೊಡೆದಾಯಿತೇ, ಗಾಳಿ ಹೇಗಿದೆ, ಎಂದು ಅವನ ಗಂಟಲು ಗೋಡೆಗೆ ಬಡಿಯಿತು. ಪಕ್ಕದ ಕುರ್ಚಿಯ ಗಣಿತದ ಸರ್ ಬಹಳ ಗೌರವದಿಂದ, ನಿಮ್ಮದು ಎಷ್ಟು ಎಕರೆ ಮೇಡಂ ಎಂದರು.

ಗುಳಿಗೆ ಇಳಿಸುವುದು ಮಾತ್ರ ನಗುವ ಸಂಗತಿಯಾಗಿರಲಿಲ್ಲ. ಮೇಡಂ ಚೂರು ಚೂರೇ ಕಡಿಮೆ ಮಾಡುತ್ತ ಹೋದರು. ಒಂದೊಂದು ಮೆಟ್ಟಿಲು ಇಳಿದಾಗಲೂ ಮೈ ನೋವು, ಸುಸ್ತು, ಇನ್ನು ಏಳಲಾರೆ ಎನ್ನುವಂಥ ಬೇಸರ. ಮುಕ್ಕಾಲು ದಾರಿ ಬಂದಾಗ ಪಕ್ಕದ ಸೈಟಿನಲ್ಲಿ ಮನೆ ಕಟ್ಟಲು ಶುರುಮಾಡಿದರು. ಸಿಮೆಂಟಿನ ಧೂಳಿಗೆ ಉಬ್ಬಸ ಕೆರಳಿತು, ಮೇಡಂ ಮತ್ತೆ ಗುಳಿಗೆ ಏರಿಸಬೇಕಾಯಿತು. ಆ ದಿನ ನಾನು ವಿಡಿಯೋ ಕಾಲಿನಲ್ಲಿಯೇ ಅತ್ತುಬಿಟ್ಟೆ, ನನ್ನಿಂದ ಆಗದು ಎಂದೆ. ಅವನು ಬೈಯಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಕಟ್ಟಿದ ರೊಟ್ಟಿ, ಶೇಂಗಾ ಹಿಂಡಿ ಚಟ್ನಿ ಹಿಡಿದು ಬಂದ. ಬಂದವನೇ ಸೈಟಿನ ಮೇಸ್ತ್ರಿಗೆ ಅರ್ಧ ರೊಟ್ಟಿ ಕೊಟ್ಟು, ಸಂಜೆಯವರೆಗೆ ಕುಳಿತು ನಮ್ಮ ಕಡೆಯ ಮಗ್ಗುಲಿಗೆ ಹಸಿರು ಬಲೆ ಕಟ್ಟಿಸಿದ, ಪೈಪು ಹಿಡಿದು ಉಸುಕಿನ ಗುಡ್ಡೆಗೆ ತಾನೇ ನೀರು ಹೊಡೆದ.

ಮತ್ತೆ ಇಳಿಯಲು ಶುರುಮಾಡಿದೆವು. ಹೋದ ದೀಪಾವಳಿಯ ಮುಂದೆ ಮೇಡಂ ಬೆಳಗಿನ ರಕ್ತಪರೀಕ್ಷೆ ನೋಡಿ, ಮೈ ಮತ್ತೆ ತಾನೇ ತಯಾರು ಮಾಡುತ್ತಿದೆ, ಇನ್ನು ಗುಳಿಗೆ ಬೇಡ, ಪಂಪು ಮಾತ್ರ ಬಿಡಬೇಡಿ ಎಂದರು. ನಾನು ಅವರ ಕೈ ಹಿಡಿದುಕೊಂಡೆ. ಮಾಮಾ ಅವರಿಗೆ ಒಂದು ಬುಟ್ಟಿ ದ್ರಾಕ್ಷಿ ಎತ್ತಿಟ್ಟಿರುವುದಾಗಿ ಹೇಳಿದ. ಆ ದ್ರಾಕ್ಷಿ ಇನ್ನೂ ಬಳ್ಳಿಯಲ್ಲಿ ಹೂವಾಗಿತ್ತು!

ಈ ಮಾರ್ಚಿನಲ್ಲಿ ಅವನು ನನ್ನನ್ನು ಒಣದ್ರಾಕ್ಷಿಯ ಶೆಡ್ಡಿಗೆ ಕರೆದ. ನಾನು ಆ ಹಂಗಾಮಿನಲ್ಲಿ ಘೋಣಸಗಿಗೆ ಕಾಲಿಟ್ಟು ಹತ್ತು ವರ್ಷವಾಗಿತ್ತು. ಒಣದ್ರಾಕ್ಷಿಗೆ ಹೊಳೆಯುವ ಹಳದಿ ಬಣ್ಣ ಬರಲು ಗಂಧಕದ ಹೊಗೆ ಹಾಕುತ್ತಾರೆ, ಅದು ಮೂಗಿಗೆ ತಾಗಿದರೆ ನನ್ನ ಉಸಿರು ನಿಲ್ಲುತ್ತದೆ. ಪರ್ಸಿನಲ್ಲಿ ಪಂಪು ಇಟ್ಟುಕೊಂಡು, ಮೂಗಿಗೆ ಸೆರಗು ಹಿಡಿದು ಒಳಗೆ ಹೋದೆ. ವಾಸನೆಯೇ ಇಲ್ಲ. ಒಣಗಿಸಲು ಕಟ್ಟಿದ ಬಲೆಗಳ ಮೇಲೆಲ್ಲ ಕಂದು ಬಣ್ಣದ ಒಣದ್ರಾಕ್ಷಿ. ಈ ಸಲ ಹೊಗೆ ಹಾಕಿಲ್ಲ, ನೋಡಲು ಬಂದ ವ್ಯಾಪಾರಿ ಬಣ್ಣ ಇಲ್ಲವೆಂದು ತಿರುಗಿ ಹೋದ ಎಂದು ಮಾಮಿ ಮೆಲ್ಲಗೆ ಹೇಳಿದಳು. ಯಾಕೆ ಮಾಮಾ ಎಂದು ಕೇಳಿದೆ. ಅವನು ಒಣದ್ರಾಕ್ಷಿಯ ಕಡ್ಡಿ ಆರಿಸುತ್ತ ಕುಳಿತ.

"ಆ ದಿನ ಪಿಕಪ್ಪಿನ್ಯಾಗ ನಿನ್ನ ಉಸಿರು ಕೇಳಕೋತ ಬಂದೀನಿ. ನಾ ಮಾಡಿದ ಹುಚ್ಚಾಟಕ್ಕ ಅದು ನಿಂತ ಹೋಗತಿತ್ತು. ಬಣ್ಣ ಬರದಿದ್ರ ಬಿಡಲಿ. ನನ್ನ ಶೆಡ್ಡಿನ್ಯಾಗ ನೀ ಒಮ್ಮೆ ಆರಾಮ ಉಸಿರು ತಗೋಬೇಕಿತ್ತು."

ಸೆರಗು ತೆಗೆದು, ಎದೆ ತುಂಬ ಉಸಿರು ಎಳೆದುಕೊಂಡೆ. ಮಾಮಾ ಕಿವಿ ನನ್ನ ಕಡೆ ಮಾಡಿ ಕೇಳಿದ. ಸಿಳ್ಳೆಯಿಲ್ಲ, ಗೊರಗೊರವಿಲ್ಲ.

"ಇನ್ನೊಂದ ಸಲ ಎಳಿ ಬೇ," ಎಂದ. ಇನ್ನೊಂದು ಸಲ ಎಳೆದೆ.