ಸಮುದ್ರದವರೆಗೆ ಹೋಗುವ ಗಾಡಿ

ಐವತ್ತೈದು ದಾಟಿದ ಗಂಡಸು ಮೋಟಾರ್ ಸೈಕಲ್ ಕೊಳ್ಳುತ್ತೇನೆ ಎಂದರೆ ಕೇಳಿದವರು ಅವನ ಮುಖ ನೋಡುವುದಿಲ್ಲ, ಮೊಣಕಾಲು ನೋಡುತ್ತಾರೆ. ಆಮೇಲೆ ಅವನ ಹೆಂಡತಿಯ ಕಡೆ ತಿರುಗಿ, ಪಾಪ ಅನ್ನುವ ಹಾಗೆ ತಲೆಯಾಡಿಸುತ್ತಾರೆ. ಇದು ನನ್ನ ಸ್ವಂತ ಅನುಭವ. ತುಮಕೂರಿನ ಮಂಡಿಪೇಟೆಯಲ್ಲಿ ಪಂಪ್‌ಸೆಟ್ಟಿನ ಬಿಡಿಭಾಗ ಮಾರುತ್ತಾ ಹೊಟ್ಟೆ ಬೆಳೆಸಿಕೊಂಡಿದ್ದ ನಾನು, ಅಂಗಡಿಯನ್ನು ತಮ್ಮನಿಗೆ ಒಪ್ಪಿಸಿ, ಇನ್ನು ಮೋಟಾರ್ ಸೈಕಲ್ಲಿನಲ್ಲಿ ಊರೂರು ತಿರುಗುತ್ತೇನೆ ಎಂದಾಗ ನನ್ನ ಹೆಂಡತಿ ಶಾರದೆ ಹುರುಳಿಕಾಯಿ ಮುರಿಯುವುದನ್ನು ನಿಲ್ಲಿಸಲೂ ಇಲ್ಲ. ಮೊದಲು ನೆಲದ ಮೇಲೆ ಕೂತು ಯಾರ ಕೈಯನ್ನೂ ಹಿಡಿಯದೆ ಎದ್ದು ತೋರಿಸಿ, ಆಮೇಲೆ ಮಾತಾಡೋಣ ಅಂದಳು. ನಾನು ಕೂತೆ. ಏಳುವ ವಿಷಯವನ್ನು ಇಲ್ಲಿ ವಿಸ್ತರಿಸುವುದಿಲ್ಲ.

ಆಸೆ ಹತ್ತಿಸಿದವನು ಗುಬ್ಬಿಯ ರೇವಣ್ಣ. ಇಪ್ಪತ್ತರ ಪ್ರಾಯದಲ್ಲಿ ನಾವಿಬ್ಬರೂ ಒಬ್ಬನೇ ಧಣಿಯ ಕೆಳಗೆ ಕೆಲಸ ಮಾಡಿದವರು. ಹಳ್ಳಿಗಳಲ್ಲಿ ನೀರೆತ್ತುವ ಎಂಜಿನ್ ಕೂರಿಸಿ ಬರುವುದು ನಮ್ಮ ಕೆಲಸ. ಓಡಾಡಲು ಧಣಿಯದೊಂದು ಹಳೆಯ ಮೋಟಾರ್ ಸೈಕಲ್. ಕುಣಿಗಲ್ ಸೀಮೆಯ ಒಂದೊಂದು ಹಳ್ಳದ ಆಳವೂ ನಮ್ಮ ಬೆನ್ನುಮೂಳೆಗೆ ಗೊತ್ತಿತ್ತು. ಹೀಗೇ ಒಂದು ಸಲ ಪಶ್ಚಿಮದ ಕಡೆಗೆ ಹೋಗುತ್ತಾ ಹೋಗುತ್ತಾ ಸಮುದ್ರ ಸಿಕ್ಕಿದ ಮೇಲೆ ನಿಲ್ಲಬೇಕು ಎಂದು ರೇವಣ್ಣ ಆಗಲೇ ಹೇಳುತ್ತಿದ್ದ. ಅಷ್ಟರಲ್ಲಿ ಅವನಿಗೆ ಗಿರಿಜೆಯ ಜೊತೆ ಮದುವೆಯಾಯಿತು, ಗುಬ್ಬಿಯಲ್ಲಿ ಮಾವನ ಅಕ್ಕಿ ಗಿರಣಿ ಸಿಕ್ಕಿತು. ನನಗೆ ಶಾರದೆ ಸಿಕ್ಕಿದಳು, ಅಂಗಡಿ ಸಿಕ್ಕಿತು. ಸಮುದ್ರ ಮಾತ್ರ ಇದ್ದಲ್ಲೇ ಇತ್ತು.

ನಾನು ಅಂಗಡಿ ಬಿಟ್ಟದ್ದು ಎಂಬತ್ತರ ದಶಕದ ಮೊದಲ ವರ್ಷಗಳಲ್ಲಿ; ಆಗ ರೇವಣ್ಣ ಮತ್ತೆ ಸಮುದ್ರದ ಮಾತೆತ್ತಿದ. ಯಾವ ಗಾಡಿ ಎನ್ನುವುದು ನಮಗೆ ಹೆಣ್ಣು ನೋಡುವುದಕ್ಕಿಂತ ಕಷ್ಟವಾಯಿತು. ಹೆಣ್ಣನ್ನಾದರೂ ಹಿರಿಯರು ನೋಡಿದ್ದರು. ಮೊದಲು ಒಂದು ಹಗುರದ ಗಾಡಿ ನೋಡಿದೆವು. ಮಗುವಿನ ಹಾಗೆ ಹೇಳಿದ ಮಾತು ಕೇಳುತ್ತಿತ್ತು, ಆದರೆ ಇಬ್ಬರು ಸ್ಥೂಲ ಪುರುಷರೂ ಎರಡು ಹಾಸಿಗೆ ಸುರುಳಿಗಳೂ ಏರಿದಾಗ ಅದರ ಹಿಂದಿನ ಚಕ್ರ ನಾಚಿಕೊಂಡು ಮಡ್‌ಗಾರ್ಡಿನೊಳಗೆ ಮುಖ ಮುಚ್ಚಿಕೊಂಡಿತು. ಎರಡನೆಯದರಲ್ಲಿ ಕಿಕ್ಕರೂ ಗೇರೂ ಒಂದೇ ಲಿವರು. ಯಾವಾಗ ಅದು ಕಿಕ್ಕರು, ಯಾವಾಗ ಗೇರು ಎಂಬುದು ನನಗೆ ಕೊನೆಗೂ ಹಿಡಿತಕ್ಕೆ ಬರಲಿಲ್ಲ. ಮೂರನೆಯದು ಬುಲೆಟ್. ದೂರ ಹೋಗಲು ಅದೇ ಸರಿ ಎಂದು ಇಬ್ಬರಿಗೂ ಗೊತ್ತಿತ್ತು. ಅದನ್ನು ಸ್ಟ್ಯಾಂಡಿನ ಮೇಲೆ ಎಳೆದು ನಿಲ್ಲಿಸಲು ಮೂರನೆಯವನೊಬ್ಬ ಬೇಕು ಎಂದೂ ಗೊತ್ತಿತ್ತು. ರೇವಣ್ಣ ಯಾರದೋ ಬುಲೆಟ್ ಕೇಳಿ ತಂದ. ಗುಬ್ಬಿಯ ಆಚೆ ಬಿದರೆಹಳ್ಳಿ ಕಾವಲಿನಲ್ಲಿ ಅಭ್ಯಾಸ ಮಾಡಿದೆವು. ಹುಲ್ಲು ಬಿಟ್ಟರೆ ಅಲ್ಲಿ ಗುದ್ದಲು ಏನೂ ಇರಲಿಲ್ಲ. ಆದರೂ ನಾನು ಒಂದು ಹಸುವನ್ನು ಹುಡುಕಿ ಗುದ್ದಿದೆ. ಹಸುವಿಗೆ ಏನೂ ಆಗಲಿಲ್ಲ, ಅದು ನನ್ನನ್ನು ಸ್ವಲ್ಪ ಹೊತ್ತು ನೋಡಿ ಮತ್ತೆ ಮೇಯತೊಡಗಿತು.

ಆ ದಿನಗಳಲ್ಲೇ ರೇವಣ್ಣನ ಎಡಗಾಲಿನ ಹೆಬ್ಬೆರಳಿನಲ್ಲಿ ಒಂದು ಕಪ್ಪು ಚುಕ್ಕೆ ಕಾಣಿಸಿತು. ಹೊಸ ಚಪ್ಪಲಿಯ ಬಣ್ಣ ಹತ್ತಿದೆ ಎಂದು ಅವನೇ ಹೇಳಿದ. ನೋವಿರಲಿಲ್ಲ. ನೋವಿಲ್ಲದಿರುವುದೇ ಕಾಯಿಲೆ ಎಂದು ನಮಗೆ ಆಮೇಲೆ ತಿಳಿಯಿತು. ಸಕ್ಕರೆ ಕಾಯಿಲೆ ಅವನೊಳಗೆ ಎಷ್ಟು ವರ್ಷದಿಂದ ಸಂಸಾರ ಮಾಡುತ್ತಿತ್ತೋ, ಯಾರೂ ಲೆಕ್ಕ ಇಟ್ಟಿರಲಿಲ್ಲ. ಚುಕ್ಕೆ ಬೆರಳಾಯಿತು, ಬೆರಳು ಪಾದವಾಯಿತು. ಬೆಂಗಳೂರಿನ ಆಸ್ಪತ್ರೆಯಲ್ಲಿ ಎಡಗಾಲನ್ನು ಮಂಡಿಯ ಮೇಲಿನಿಂದ ತೆಗೆದರು.

ನಾನು ನೋಡಲು ಹೋದಾಗ ಗಿರಿಜಕ್ಕ ವಾರ್ಡಿನ ಹೊರಗೆ ಗೋಡೆಗೆ ಒರಗಿ ನಿಂತಿದ್ದರು. ನಾನು ಒಳಗೆ ಹೋದೆ. ರೇವಣ್ಣ ಕಂಬಳಿಯ ಕೆಳಗೆ ಒಂದು ಕಡೆ ಮಾತ್ರ ಎತ್ತರವಾಗಿ ಮಲಗಿದ್ದ. ನನ್ನನ್ನು ನೋಡಿ ಹತ್ತಿರ ಬಾ ಎಂದು ಸನ್ನೆ ಮಾಡಿದ.

"ಚಂದ್ರು, ಬುಲೆಟ್ಟಿಗೆ ಗೇರು ಬಲಗಡೆ. ಕಿಕ್ಕರೂ ಬಲಗಡೆ," ಅಂದ. "ಬಲಗಾಲು ಇದೆ ಕಣೋ."

ಗಾಡಿಯ ಆಯ್ಕೆ ಹಾಗೆ ಮುಗಿಯಿತು. ಎಡಗಾಲಿಗೆ ಉಳಿದಿದ್ದ ಹಿಂದಿನ ಬ್ರೇಕನ್ನು ಕೈಬ್ರೇಕಿನಲ್ಲೇ ಸುಧಾರಿಸಬಹುದು, ನಿಂತಾಗ ಬೀಳದಂತೆ ಪಕ್ಕಕ್ಕೊಂದು ತೊಟ್ಟಿಲು, ಅಂದರೆ ಸೈಡ್ ಕಾರು, ಇದ್ದರೆ ಆಯಿತು ಎಂದು ಅವನು ಮಲಗಿದಲ್ಲೇ ತೀರ್ಮಾನ ಮಾಡಿಬಿಟ್ಟಿದ್ದ. ನಾನು ಹೂಂಗುಟ್ಟಿದೆ. ಕಾಲು ಕಳೆದುಕೊಂಡವನ ಎದುರು ನನ್ನ ಮೊಣಕಾಲಿನ ಪ್ರಸ್ತಾಪ ಮಾಡಲು ಬಾಯಿ ಬರಲಿಲ್ಲ.

ಹುಡುಕುತ್ತಾ ಹೋದರೆ ಅಂಥದ್ದು ಕುಣಿಗಲ್ಲಿನಲ್ಲಿ ಸಿಕ್ಕಿತು. ಜೀವಮಾನವೆಲ್ಲ ಕುದುರೆಗಳ ಆರೈಕೆ ಮಾಡಿ ನಿವೃತ್ತರಾಗಿದ್ದ ಒಬ್ಬ ಸಾಹೇಬರು ತಮ್ಮ ಬುಲೆಟ್ಟನ್ನು ಸೈಡ್ ಕಾರಿನ ಸಮೇತ ಕೊಡಲು ತಯಾರಾಗಿದ್ದರು. ಸೈಡ್ ಕಾರಿನಲ್ಲಿ ಅವರ ಬೇಗಂ ಕೂರುತ್ತಿದ್ದರಂತೆ. ಅವರು ಹೋದ ಮೇಲೆ ಗಾಡಿ ಷೆಡ್ಡಿನಿಂದ ಹೊರಗೆ ಬಂದಿರಲಿಲ್ಲ. ನಾವು ಗಾಡಿ ಪರೀಕ್ಷೆ ಮಾಡಲು ಹೋದರೆ ಅವರು ನಮ್ಮ ಪರೀಕ್ಷೆ ಶುರುಮಾಡಿದರು. ನನ್ನನ್ನು ಬೇವಿನ ಮರದವರೆಗೆ ನಡೆದು ವಾಪಸು ಬರಲು ಹೇಳಿ, ಹಿಂದಿನಿಂದ ನೋಡಿ, ಎಡಗಡೆ ಸ್ವಲ್ಪ ಕುಂಟು ಇದೆ ಅಂದರು. ವಯಸ್ಸು ಕೇಳಿದರು. ನಾನು ಹೇಳಿದ್ದನ್ನು ನಂಬದೆ ನನ್ನ ಹಲ್ಲಿನ ಕಡೆ ನೋಡಿದರು.

ಊರುಗೋಲಿನ ಮೇಲೆ ಭಾರ ಬಿಟ್ಟು ನಿಂತಿದ್ದ ರೇವಣ್ಣ ಇದನ್ನೆಲ್ಲ ನೋಡಿ ನಗುತ್ತಿದ್ದ. ನಗು ಮುಗಿದ ಮೇಲೆ ಕೇಳಿದ: "ಸಾಹೇಬ್ರೆ, ಕಾಲು ಮುರಿದ ಕುದುರೇನ ಏನ್ ಮಾಡ್ತಿದ್ರಿ?"

ಸಾಹೇಬರು ಗಾಡಿಯ ಸೀಟಿನ ಧೂಳನ್ನು ಅಂಗೈಯಿಂದ ಒರೆಸಿದರು. ಒರೆಸಿದಲ್ಲೇ ಮತ್ತೆ ಒರೆಸಿದರು.

"ಕುದುರೆ ಬೇರೆ, ಇನ್ಸಾನ್ ಬೇರೆ ರೇವಣ್ಣೋರೆ," ಅಂದರು. "ಕುದುರೆಗೆ ಎಲ್ಲಿಗೂ ಹೋಗಬೇಕು ಅಂತ ಇರಲ್ಲ. ನಾವು ಕರ್ಕೊಂಡು ಹೋಗ್ತೀವಿ ಅಷ್ಟೆ."

ಗಾಡಿ ತಂದೆವು. ಗಿರಿಜಕ್ಕ ಅಳಲಿಲ್ಲ, ಬೈಯಲಿಲ್ಲ. ನನ್ನ ಕೈಗೆ ಒಂದು ಕನ್ನಡಿ, ಹತ್ತಿ, ಡೆಟಾಲ್ ಕೊಟ್ಟು ಒಂದೇ ಮಾತು ಹೇಳಿದರು. "ಚಂದ್ರಣ್ಣ, ದಿನಾ ಸಾಯಂಕಾಲ ಇವ್ರ ಬಲಗಾಲು ಪೂರಾ ನೋಡ್ಬೇಕು. ಬೆರಳ ಸಂದೀನೂ ಬಿಡಬಾರ್ದು. ಅವ್ರು ಏನಿಲ್ಲ ಅಂತಾರೆ, ನಂಬಬೇಡಿ." ಹೆಂಡತಿಯ ಕಾಲನ್ನು ಕೂಡ ಅಷ್ಟು ಗಮನವಿಟ್ಟು ನೋಡದ ನಾನು ಹಾಗೆ ಗೆಳೆಯನ ಪಾದಕ್ಕೆ ಕಾವಲುಗಾರನಾದೆ.

ಹೊರಟ ದಿನ ಕುಣಿಗಲ್ ದಾಟಿ ಮಾರ್ಕೋನಹಳ್ಳಿ ಅಣೆಕಟ್ಟೆಯವರೆಗೆ ನಾನೇ ಓಡಿಸಿದೆ. ಸೈಡ್ ಕಾರಿನಲ್ಲಿ ರೇವಣ್ಣ ಊರುಗೋಲನ್ನು ರಾಜದಂಡದ ಹಾಗೆ ಹಿಡಿದು ಕೂತಿದ್ದ. ಹಳ್ಳಿಗಳಲ್ಲಿ ಜನ ಎದ್ದು ನಿಂತು ನೋಡಿದರು, ಒಬ್ಬರಂತೂ ಕೈಮುಗಿದರು. ಕಟ್ಟೆಯ ಕೆಳಗಿನ ಖಾಲಿ ರಸ್ತೆಯಲ್ಲಿ ಅವನು ತಾನು ಓಡಿಸುತ್ತೇನೆ ಎಂದ. ನಾನು ಇಳಿದು ಸೈಡ್ ಕಾರಿಗೆ ಹೊಕ್ಕೆ. ಹೊಟ್ಟೆ ಸಿಕ್ಕಿಕೊಂಡಿತು. ಅವನು ಆಂಪಿಯರ್ ಮೀಟರಿನ ಮುಳ್ಳು ನಡುವಿಗೆ ಬಂದದ್ದು ನೋಡಿ, ಒಂದೇ ಕಿಕ್ಕಿಗೆ ಎಂಜಿನ್ ಎಬ್ಬಿಸಿದ. ಅಬ್ಬಬ್ಬಾ ಎಂದರೆ ಒಂದು ಮೈಲಿ ಹೋದೆವು. ನಾನು ಕಣ್ಣು ಮುಚ್ಚಿಕೊಂಡಿದ್ದೆ. ತೆರೆದಾಗ ಅವನ ಮುಖ ಕಂಡಿತು. ಆಪರೇಷನ್ ಆದ ಮೇಲೆ ಆ ಮುಖದಲ್ಲಿ ಕೂತಿದ್ದ ಬಾಡಿಗೆದಾರ ಅವತ್ತು ಮನೆ ಖಾಲಿ ಮಾಡಿದ್ದ.

ಹಾಸನದ ಹೊರಗೆ ರಸ್ತೆ ರಿಪೇರಿ ನಡೆಯುತ್ತಿತ್ತು. ಲಾರಿಗಳಿಗೆ ದಾರಿ ಬಿಡಲು ಸ್ವಲ್ಪ ಹೊತ್ತು ಇಳಿದು ನಿಂತೆವು. ಸಂಜೆ ಲಾಡ್ಜಿನಲ್ಲಿ ಬಲ್ಬಿನ ಮಂಕು ಬೆಳಕಿಗೆ ಅವನ ಪಾದ ತೊಡೆಯ ಮೇಲೆ ಇಟ್ಟುಕೊಂಡು ನೋಡಿದೆ. ಕಿರುಬೆರಳಿನ ಬುಡದಲ್ಲಿ ಒಂದು ಕಪ್ಪು ಚುಕ್ಕೆ.

ಸೋಪಿನಲ್ಲಿ ತೊಳೆದೆ. ಹೋಗಲಿಲ್ಲ. ಒತ್ತಿದೆ. ನೋವಾಗುತ್ತಾ ಎಂದು ಕೇಳಿದೆ. ಅವನಿಗೆ ನಾನು ಒತ್ತಿದ್ದೇ ತಿಳಿದಿರಲಿಲ್ಲ.

"ಡಾಂಬರಿರಬೇಕು ಬುಡೋ," ಅಂದ ರೇವಣ್ಣ. ಹಿಂದಿನ ಸಲ ಚಪ್ಪಲಿ ಬಣ್ಣ ಎಂದಿದ್ದ ಅದೇ ದನಿ. ನಾನು ಮತ್ತೆ ಸೋಪು ಹಚ್ಚಿದೆ. ಅವನು ಪಾದ ಎಳೆದುಕೊಂಡು ಹೇಳಿದ: "ನೀನು ನೋಡ್ಲಿಲ್ಲ ಅನ್ಕೋ. ನಾಳೆ ಘಾಟಿ ಇಳಿದ್ರೆ ಸಮುದ್ರ. ನೋಡ್ಕೊಂಡು ಬಂದ್ಮೇಲೆ ಕಾಲು ಹೋದ್ರೂ ಹೋಗ್ಲಿ."

ಬೆಳಗ್ಗೆ ನಾನು ಗಾಡಿಯನ್ನು ಬಂದ ದಾರಿಗೇ ತಿರುಗಿಸಿದೆ. ಹಾಸನದಿಂದ ತುಮಕೂರಿನವರೆಗೆ ರೇವಣ್ಣ ಮುಖ ತಿರುಗಿಸಿಕೊಂಡೇ ಕೂತಿದ್ದ. ನಡುವೆ ಕಾಫಿಗೆ ನಿಲ್ಲಿಸಿದರೆ ಸೈಡ್ ಕಾರಿನಿಂದ ಇಳಿಯಲೂ ಇಲ್ಲ. ಲೋಟವನ್ನು ನಾನು ತಂದು ಕೊಟ್ಟೆ, ಕುಡಿದು ಕೈಗೆ ವಾಪಸು ಕೊಟ್ಟ. ತುಮಕೂರಿನ ಆಸ್ಪತ್ರೆಗೆ ಗಿರಿಜಕ್ಕನನ್ನೂ ಕರೆಸಿದೆ. ಡಾಕ್ಟರು ಪಾದವನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು. ಸೀಮೆಎಣ್ಣೆ ತರಿಸಿ, ಹತ್ತಿಯಲ್ಲಿ ಅದ್ದಿ ಉಜ್ಜಿದರು. ಚುಕ್ಕೆ ಹತ್ತಿಗೆ ಬಂತು. ಕೆಳಗಿನ ಚರ್ಮ ಮಗುವಿನದರಂತೆ ಕೆಂಪಗಿತ್ತು.

"ಡಾಂಬರು," ಅಂದರು ಡಾಕ್ಟರು.

ಮೊದಲು ನಕ್ಕವನು ರೇವಣ್ಣ. ಆಮೇಲೆ ಡಾಕ್ಟರು. ಗಿರಿಜಕ್ಕ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕರು, ಹಾಗೇ ಅತ್ತರು. ನಾನು ಆ ಹತ್ತಿಯ ಉಂಡೆಯನ್ನೇ ನೋಡುತ್ತಾ ಕೂತೆ. ಕಾಲು ಕಾಪಾಡಿದವನು ಎಂದು ಹೊಗಳುವುದೋ, ಡಾಂಬರಿಗೆ ಹೆದರಿ ಓಡಿಬಂದವನು ಎಂದು ಆಡಿಕೊಳ್ಳುವುದೋ ಗೊತ್ತಾಗದೆ ಜನ ಎರಡನ್ನೂ ಮಾಡಿದರು. ಮಳೆಗಾಲ ಕಳೆಯಲಿ, ಮತ್ತೆ ಹೊರಡೋಣ, ಈ ಸಲ ಸೀಮೆಎಣ್ಣೆ ಶೀಸೆ ಇಟ್ಟುಕೊಂಡೇ ಹೋಗೋಣ ಎಂದ ರೇವಣ್ಣ. ಮಳೆಗಾಲ ಪೂರ್ತಿ ಕಳೆಯಲಿಲ್ಲ. ಒಂದು ಮಧ್ಯಾಹ್ನ ಊಟ ಮಾಡಿ ಗಿರಣಿಯ ಕಟ್ಟೆಯ ಮೇಲೆ ಒರಗಿದವನು ಏಳಲಿಲ್ಲ. ಎದೆ ನಿಂತಿತ್ತು. ಮಣ್ಣಿಗಿಳಿಸುವಾಗ ನಾನು ನೋಡಿದೆ. ಬಲಗಾಲಿನಲ್ಲಿ ಒಂದು ಗೀರೂ ಇರಲಿಲ್ಲ.

ನೀವು ಮಾಡಿದ್ದು ಸರಿ ಎಂದು ಶಾರದೆ ಈಗಲೂ ಹೇಳುತ್ತಾಳೆ. ಗಿರಿಜಕ್ಕನೂ ಹೇಳುತ್ತಾರೆ. ಸರಿಯಾದದ್ದನ್ನು ಮಾಡಿಯೂ ಮನುಷ್ಯ ಹೀಗೆ ಪೆಚ್ಚಾಗಬಹುದು ಎಂದು ನನಗೆ ಮೊದಲೇ ಯಾರೂ ಹೇಳಿರಲಿಲ್ಲ.

ಗಾಡಿ ಬಹಳ ದಿನ ಹಾಗೇ ನಿಂತಿತ್ತು. ಕೊನೆಗೆ ಖಾಲಿ ಸೈಡ್ ಕಾರನ್ನು ನೋಡಲಾರದೆ ಅದನ್ನು ಬಿಚ್ಚಿಸಿದೆ. ಒಬ್ಬನೇ ಗುಬ್ಬಿ ರಸ್ತೆಗೆ ಹೊರಟೆ. ಸೈಡ್ ಕಾರು ಇರುವ ಗಾಡಿಯನ್ನು ತಿರುವಿನಲ್ಲಿ ವಾಲಿಸುವಂತಿಲ್ಲ, ಹ್ಯಾಂಡಲ್ ಹಿಡಿದು ತಿರುಗಿಸಬೇಕು. ನನ್ನ ಮೈಗೆ ಅದೇ ರೂಢಿಯಾಗಿತ್ತು. ಮೊದಲ ತಿರುವಿನಲ್ಲೇ ರಸ್ತೆ ಒಂದು ಕಡೆ ಹೋಯಿತು, ನಾನು ನೆಟ್ಟಗೆ ಹೋಗಿ ತೆಂಗಿನ ಮಟ್ಟೆಯ ರಾಶಿಯಲ್ಲಿ ಬಿದ್ದೆ. ಹೊಲದಲ್ಲಿದ್ದ ರೈತರೊಬ್ಬರು ಓಡಿಬಂದು ಮೊದಲು ನನ್ನನ್ನು, ಆಮೇಲೆ ಗಾಡಿಯನ್ನು ಎತ್ತಿ ನಿಲ್ಲಿಸಿದರು. ಹೊಸದಾಗಿ ಕಲಿಯುತ್ತಿದ್ದೀರಾ ಎಂದು ಕೇಳಿದರು. ಹೌದು ಅಂದೆ. ಬೇರೆ ಹೇಳಲು ಹೋದರೆ ಬಹಳ ಉದ್ದವಾಗುತ್ತಿತ್ತು.

ಅವರು ನನ್ನ ಬೆನ್ನಿಗೆ ಅಂಟಿದ್ದ ನಾರು ಕೊಡವುತ್ತಾ, "ಒಬ್ರೇ ಹಿಂಗೆ ಹೊಂಡಬಾರ್ದು ಯಜಮಾನ್ರೆ," ಅಂದರು. "ಓಡ್ಸೋದು ಗೊತ್ತಿರೋರ್ನ ಯಾರ್ನಾದ್ರೂ ಜೊತೇಲಿ ಕೂರಿಸ್ಕಳಿ."

ಆಗಲಿ ಅಂದೆ.